ಕ್ವಾರಿ ಕ್ರೇನಿಗೆ ಕುಂಬಳಕಾಯಿ ಒಡೆದ ವರ್ಷ

ಆಗೆಲ್ಲ ಸೀತಾಫಲಕ್ಕೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ದಸರಾ ರಜೆ ಬಂತೆಂದರೆ ಬಂಡೆ ಸಂದಿಯಲ್ಲಿ ತನ್ನ ಪಾಡಿಗೆ ತಾನು ಬಲಿತು ಕೂತಿರುತ್ತಿತ್ತು, ಯಾರ ಕೈಗೆ ಸಿಕ್ಕಿತೋ ಅವರ ಹಣ್ಣು. ಹೊಲದಲ್ಲಿ ಕಡ್ಲೆಕಾಯಿ ಕೀಳುವ ಗಲಾಟೆ, ಅಂಗಳದ ತುಂಬ ಹಸಿ ಕಡ್ಲೆಕಾಯಿ ರಾಶಿ, ಸಂಜೆಯಾದರೆ ದೊಡ್ಡ ಪಾತ್ರೆಯಲ್ಲಿ ಉಪ್ಪು ಹಾಕಿ ಬೇಯಿಸಿದ ಕಾಯಿ. ಉಗುರಿನ ಸಂದಿಯ ಕೆಮ್ಮಣ್ಣು ಶಾಲೆ ಮತ್ತೆ ಶುರುವಾಗುವವರೆಗೂ ಹೋಗುತ್ತಿರಲಿಲ್ಲ. ಇದನ್ನು ಓದುತ್ತಿರುವ ನೀವೂ ಅಂಥ ರಜೆ ಕಂಡವರೇ ಇರಬಹುದು. ಆದರೆ ನಿಮ್ಮೂರಲ್ಲಿ ಇಲ್ಲದ್ದೊಂದು ನಮ್ಮೂರಲ್ಲಿ ಇತ್ತು. ನಮ್ಮ ಹತ್ತಿರ ಒಂದು ಕ್ವಾರಿ ಇತ್ತು. ನಮ್ಮ ಹತ್ತಿರ ಅಂದೆ ನೋಡಿ, ಈಗಲೂ ಬಾಯಿ ಹಾಗೇ ಹೇಳುತ್ತದೆ.

ನಮ್ಮೂರು ಗೌರಿಬಿದನೂರಿನಿಂದ ನಗರಗೆರೆ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುತ್ತದೆ. ಊರ ಹಿಂದಿನ ಗುಡ್ಡದ ಒಂದು ಮಗ್ಗುಲನ್ನು ಯಾರೋ ಕಂಟ್ರಾಕ್ಟರ್ ಗುತ್ತಿಗೆ ಹಿಡಿದು, ಕೆಲವು ವರ್ಷ ಕಲ್ಲು ತೆಗೆಸಿದ್ದ. ನಾನು ಚಿಕ್ಕವಳಿದ್ದಾಗ ಮಧ್ಯಾಹ್ನದ ಹೊತ್ತು ಡಮಾರ್ ಎಂದು ಬಂಡೆ ಸಿಡಿಯುವ ಸದ್ದಿಗೆ ಅಡುಗೆಮನೆಯ ತಟ್ಟೆ ಲೋಟ ಅಲುಗುತ್ತಿದ್ದವು. ಆಮೇಲೆ ಒಂದು ದಿನ ಸದ್ದು ನಿಂತಿತು. ಗುತ್ತಿಗೆ ಮುಗಿಯಿತು ಅಂದರು, ಕೋರ್ಟಿಗೆ ಹೋಗಿದೆ ಅಂದರು, ಕಲ್ಲಲ್ಲಿ ಬಿರುಕು ಬಂತು ಅಂದರು. ಲಾರಿಗಳು ಹೋದವು, ಕೆಲಸದವರು ಹೋದರು. ಹೊತ್ತೊಯ್ಯಲಾಗದ ಸಾಮಾನೆಲ್ಲ ಅಲ್ಲೇ ಉಳಿಯಿತು. ನಾನು ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಅದಕ್ಕೆ ಹೇಳುವವರು ಕೇಳುವವರು ಯಾರೂ ಇರಲಿಲ್ಲ. ಅಂದಮೇಲೆ ನಾವಿರಲಿಲ್ಲವೇ?

ನಾವು ಅಂದರೆ ಮೂವರು. ನಾನು ಪದ್ಮಾ, ಊರಿಗೆಲ್ಲ ಪದ್ದು. ನಮ್ಮ ಚಿಕ್ಕಪ್ಪನ ಮಗ ಮಂಜ, ನನಗಿಂತ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ಇನ್ನೊಬ್ಬ ಶಬ್ಬೀರ, ನನ್ನ ಕ್ಲಾಸಿನವನೇ. ಬಸ್ ಸ್ಟಾಪಿನ ಪಕ್ಕ ಅವರಪ್ಪನ ಸೈಕಲ್ ಶಾಪ್ ಇತ್ತು. ಹೀಗಾಗಿ ನಟ್ಟು ಬೋಲ್ಟು ಸ್ಪ್ಯಾನರ್ ವಿಚಾರದಲ್ಲಿ ಶಬ್ಬೀರ ಹೇಳಿದ್ದೇ ಕೊನೆ ಮಾತು. ಉಳಿದ ಎಲ್ಲ ವಿಚಾರದಲ್ಲಿ ನಾನು ಹೇಳಿದ್ದೇ ಕೊನೆ ಮಾತು. ಮಂಜನ ಮಾತನ್ನು ಯಾರೂ ಕೇಳುತ್ತಿರಲಿಲ್ಲ, ಅದಕ್ಕೇ ಅವನು ಅಷ್ಟು ಮಾತಾಡುತ್ತಿದ್ದ.

ಕ್ವಾರಿ ಕಡೆ ಹೋಗಬಾರದು ಅಂತ ಮೂರೂ ಮನೆಯಲ್ಲಿ ಕಟ್ಟಪ್ಪಣೆ. "ಆ ಗುಂಡಿ ಕಡೆ ಕಾಲಿಟ್ರೆ ಕಾಲು ಮುರೀತೀನಿ" ಎಂದು ಅಪ್ಪ ವಾರಕ್ಕೊಮ್ಮೆ ಹೇಳುತ್ತಿದ್ದರು. ನಾವು ಹೂಂ ಎಂದು ತಲೆಯಾಡಿಸಿ, ಸೀತಾಫಲಕ್ಕೆ ಹೋಗ್ತೀವಿ ಎಂದು ಹೊರಡುತ್ತಿದ್ದೆವು. ಸುಳ್ಳೇನೂ ಅಲ್ಲ. ಸೀತಾಫಲದ ಗಿಡಗಳು ಕ್ವಾರಿಯ ಸುತ್ತಲೇ ದಟ್ಟವಾಗಿ ಬೆಳೆದಿದ್ದವು.

ಒಳಗೆ ಹೋದರೆ ಅದೊಂದು ಬೇರೆಯೇ ಲೋಕ. ಗುಡ್ಡವನ್ನು ಬೆಣ್ಣೆ ಕೊಯ್ದ ಹಾಗೆ ನೇರಕ್ಕೆ ಕೊಯ್ದ ಗೋಡೆಗಳು, ಅವುಗಳ ಮೇಲೆ ಉದ್ದುದ್ದಕ್ಕೆ ಡ್ರಿಲ್ ಹೊಡೆದ ಗೀರು. ಕೆಳಗೆ ಗುಂಡಿಯಲ್ಲಿ ಹಸಿರು ನೀರು. ಅಂಚಿನಲ್ಲಿ ಬೋಳು ಚಕ್ರದ ಕಂಪ್ರೆಸರ್, ಅದರ ಬಾಗಿಲು ಕೀಚ್ ಎನ್ನುತ್ತಿತ್ತು. ಮಣ್ಣಲ್ಲಿ ಅರ್ಧ ಹೂತ ಡ್ರಿಲ್ ಕಂಬಿಗಳು, ಹರಿದ ರಬ್ಬರ್ ಪೈಪು, ಬೀಗವಿಲ್ಲದ ತಗಡಿನ ಶೆಡ್ಡು. ಶೆಡ್ಡಿನ ಗೋಡೆಯಲ್ಲಿ ಯಾರೋ ಕೆಲಸದವನು ಇದ್ದಿಲಲ್ಲಿ ಬರೆದ ನವಿಲು ಇನ್ನೂ ಅಳಿಸಿರಲಿಲ್ಲ. ಬಲಿತ ಸೀತಾಫಲ ಕಿತ್ತು ತಂದು, ಕಂಪ್ರೆಸರಿನ ಹೊಟ್ಟೆಯೊಳಗೆ ಒಣಹುಲ್ಲು ಹಾಸಿ ಹಣ್ಣಿಗಿಡುತ್ತಿದ್ದೆವು. ಬಿಸಿಲಿಗೆ ಕಾದ ಕಬ್ಬಿಣದೊಳಗೆ ಅದು ಮನೆಯಲ್ಲಿಟ್ಟಿದ್ದಕ್ಕಿಂತ ಬೇಗ ಹಣ್ಣಾಗುತ್ತಿತ್ತು. ಬಾಗಿಲು ತೆಗೆದರೆ ಗ್ರೀಸಿನ ವಾಸನೆ, ಸೀತಾಫಲದ ವಾಸನೆ ಎರಡೂ ಸೇರಿ ಮುಖಕ್ಕೆ ಹೊಡೆಯುತ್ತಿತ್ತು. ಇವತ್ತಿಗೂ ನನಗೆ ಗ್ರೀಸ್ ಡಬ್ಬಿ ತೆರೆದರೆ ಬಾಯಲ್ಲಿ ನೀರೂರುತ್ತದೆ. ಇದನ್ನು ಕೆಲಸದ ಜಾಗದಲ್ಲಿ ಯಾರ ಮುಂದೂ ಹೇಳಿಲ್ಲ.

ಆದರೆ ನಮ್ಮ ನಿಜವಾದ ಆಸ್ತಿ ಕ್ರೇನು. ಈಗಿನ ಹಳದಿ ಬಣ್ಣದ ಗಾಡಿ ಕ್ರೇನಲ್ಲ. ಗುಂಡಿಯ ಅಂಚಿನಲ್ಲಿ ಸಿಮೆಂಟಿನ ಕಟ್ಟೆ, ಅದರ ಮೇಲೆ ನಿಂತ ದಪ್ಪ ಕಬ್ಬಿಣದ ಕಂಬ, ಕಂಬದ ಬುಡದಿಂದ ಗುಂಡಿಯ ಮೇಲಕ್ಕೆ ಕೈ ಚಾಚಿದ ಉದ್ದನೆ ತೊಲೆ. ತೊಲೆಯ ತುದಿಯಲ್ಲಿ ರಾಟೆ, ರಾಟೆಯಿಂದ ಇಳಿಬಿದ್ದ ಉಕ್ಕಿನ ಹಗ್ಗ, ಹಗ್ಗದ ಕೊನೆಗೆ ನನ್ನ ತಲೆಗಿಂತ ದೊಡ್ಡ ಕೊಕ್ಕೆ. ಹಗ್ಗದ ಇನ್ನೊಂದು ಕೊನೆ ಕಂಬದ ಬುಡದಲ್ಲಿದ್ದ ಉರುಳೆಗೆ ಸುತ್ತಿತ್ತು. ಉರುಳೆಗೆ ದೊಡ್ಡ ಹಲ್ಲುಚಕ್ರ, ಎರಡು ಪಕ್ಕಕ್ಕೂ ಒಂದೊಂದು ಹ್ಯಾಂಡಲ್. ಇಬ್ಬರು ಎದುರುಬದುರು ನಿಂತು ತಿರುಗಿಸಬೇಕು. ಕಂಟ್ರಾಕ್ಟರ್ ಕಾಲದಲ್ಲಿ ಮೋಟಾರ್ ಹಾಕಿದ್ದರಂತೆ, ಹೋಗುವಾಗ ಅದನ್ನು ಬಿಚ್ಚಿಕೊಂಡು ಹೋಗಿದ್ದರು. ಹ್ಯಾಂಡಲ್ ಬಿಟ್ಟು ಹೋಗಿದ್ದರು, ಪುಣ್ಯಕ್ಕೆ.

ಮೊದಲ ಸಲ ಹಿಡಿದಾಗ ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮಂಜ ನೇತಾಡಿದ, ನಾನೂ ನೇತಾಡಿದೆ. ಶಬ್ಬೀರ ಮಾತ್ರ ಸುತ್ತಲೂ ಕುಕ್ಕುರುಗಾಲಲ್ಲಿ ಕೂತು ನೋಡಿದ.

"ತುಕ್ಕು ಹಿಡಿದೈತೆ ಕಣೇ. ಆಯಿಲ್ ಕುಡಿಸ್ಬೇಕು."

"ಎಷ್ಟು?"

"ಅದು ಸಾಕು ಅನ್ನೋವರ್ಗೂ."

ರಜೆ ಶುರುವಾದ ದಿನದಿಂದಲೇ ಅದಕ್ಕೆ ಆಯಿಲ್ ಕುಡಿಸಿದೆವು. ಶಬ್ಬೀರ ಅಪ್ಪನ ಅಂಗಡಿಯಿಂದ ಲೂನಾ, ಟಿವಿಎಸ್ ಗಾಡಿಗಳ ಕಪ್ಪು ಆಯಿಲನ್ನು ಬಾಟಲಿಯಲ್ಲಿ ತರುತ್ತಿದ್ದ. ನಾನು ಮನೆಯಿಂದ ಹರಳೆಣ್ಣೆ ತರುತ್ತಿದ್ದೆ. ಅಜ್ಜಿಯ ಮಂಡಿಗೆ ಹಚ್ಚುವ ಎಣ್ಣೆ ಇದ್ದಕ್ಕಿದ್ದಂತೆ ಬೇಗ ಬೇಗ ಖಾಲಿಯಾಯಿತು. ಮಂಜ ಒಂದು ಸಲ ಬೆಣ್ಣೆ ತಂದ, ಅದನ್ನು ನಾವೇ ತಿಂದೆವು. ಕಡ್ಡಿಯಲ್ಲಿ ತುಕ್ಕು ಕೆರೆದು, ಹಳೇ ಬಟ್ಟೆಯಲ್ಲಿ ಒರೆಸಿ, ಹಲ್ಲು ಹಲ್ಲಿಗೂ ಎಣ್ಣೆ ಬಿಟ್ಟು, ದಿನವೂ ಒಮ್ಮೆ ಹ್ಯಾಂಡಲ್ ಹಿಡಿದು ಜೋತುಬೀಳುತ್ತಿದ್ದೆವು. ಒಂದು ಮಧ್ಯಾಹ್ನ ಅದು ಕಿರ್ರ್ ಎಂದು ಒಂದು ಹಲ್ಲು ತಿರುಗಿತು. ನಾವು ಮೂವರೂ ಕಿರುಚಿದ್ದು ಕೇಳಿ ಬಂಡೆ ಮೇಲಿನ ಮಂಗಗಳು ಓಡಿಹೋದವು. ಪರೀಕ್ಷೆಯಲ್ಲಿ ಫಸ್ಟ್ ಬಂದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಆಮೇಲೆ ಅದರ ಗುಣವೆಲ್ಲ ಒಂದೊಂದಾಗಿ ತಿಳಿಯಿತು. ಹಲ್ಲುಚಕ್ರದ ಮೇಲೆ ಕಬ್ಬಿಣದ ಒಂದು ತುಂಡು ಬಂದು ಕೂರುತ್ತಿತ್ತು. ಚಕ್ರ ಮುಂದಕ್ಕೆ ತಿರುಗಿದರೆ ಟಕ್ ಟಕ್ ಎಂದು ಹಲ್ಲಿನ ಮೇಲೆ ಹಾರಿ ಹಾರಿ ಬೀಳುವುದು, ಹಿಂದಕ್ಕೆ ತಿರುಗಲು ನೋಡಿದರೆ ಕಚ್ಚಿ ಹಿಡಿಯುವುದು. ಅದಕ್ಕೆ ನಾವು ನಾಲಿಗೆ ಅಂತ ಹೆಸರಿಟ್ಟೆವು. ನಾಲಿಗೆಯ ಸ್ಪ್ರಿಂಗ್ ಮುರಿದುಹೋಗಿತ್ತು. ಅದು ತಾನಾಗಿ ಬೀಳುತ್ತಿರಲಿಲ್ಲ, ಒಬ್ಬರು ಪಕ್ಕದಲ್ಲಿ ಕೂತು ಪ್ರತಿ ಹಲ್ಲಿಗೂ ಕೋಲಿನಿಂದ ಅದುಮಬೇಕಿತ್ತು. ಇದು ಗೊತ್ತಿಲ್ಲದೆ ಒಂದು ಸಲ ಕಲ್ಲು ಎತ್ತಿ ಅರ್ಧಕ್ಕೇ ಕೈ ಬಿಟ್ಟೆವು ನೋಡಿ, ಹ್ಯಾಂಡಲ್ ಗಿರ್ರನೆ ಹಿಂದಕ್ಕೆ ತಿರುಗಿ ಶಬ್ಬೀರನ ಗಲ್ಲಕ್ಕೆ ಬಡಿಯಿತು. ಮುಂದಿನ ಹಲ್ಲು ಅರ್ಧ ಮುರಿಯಿತು. ಮನೆಯಲ್ಲಿ ಸೈಕಲ್ಲಿಂದ ಬಿದ್ದೆ ಅಂದ. ಸೈಕಲ್ ಶಾಪಿನವನ ಮಗ ಸೈಕಲ್ಲಿಂದ ಬಿದ್ದದ್ದಕ್ಕೆ ಅವರಪ್ಪನಿಗೆ ಆದ ಅವಮಾನ ಅಷ್ಟಿಷ್ಟಲ್ಲ. ಅಂದಿನಿಂದ ನಾಲಿಗೆ ಅದುಮುವ ಕೆಲಸ ಮಂಜನದು. ಅವನಿಗೆ ಜೀವನದಲ್ಲಿ ಮೊದಲ ಸಲ ಯಾರೋ ಒಂದು ಜವಾಬ್ದಾರಿ ಕೊಟ್ಟಿದ್ದರು. ಬಾಯಿ ಮುಚ್ಚಿಕೊಂಡು ಮಾಡಿದ.

ಆ ವರ್ಷದ ಆಯುಧಪೂಜೆ ಬಂತು. ಹಿಂದಿನ ದಿನವೇ ಊರೆಲ್ಲ ತೊಳೆದು ಒರೆಸುವ ಕೆಲಸ. ನೇಗಿಲು, ಗುದ್ದಲಿ, ಕುಡುಗೋಲು, ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿ, ಹೊಲಿಗೆ ಮೆಷಿನ್ನು, ಎಲ್ಲಕ್ಕೂ ವಿಭೂತಿ ಕುಂಕುಮ. ಶಬ್ಬೀರನ ಅಪ್ಪನ ಅಂಗಡಿಯ ಪಂಪಿಗೂ ಗಿರಾಕಿಗಳೇ ಚೆಂಡುಹೂವಿನ ಹಾರ ಹಾಕಿ ಹೋಗುತ್ತಿದ್ದರು, ಅವರು ನಗುತ್ತಾ ಎಲ್ಲರಿಗೂ ಕಡ್ಲೆಪುರಿ ಹಂಚುತ್ತಿದ್ದರು. ಪೂಜೆಗಿಟ್ಟ ಆಯುಧವನ್ನು ಮಾರನೇ ದಿನ ವಿಜಯದಶಮಿಯವರೆಗೂ ಯಾರೂ ಮುಟ್ಟಬಾರದು. ಅವತ್ತು ಅವಕ್ಕೆ ರಜೆ. ವರ್ಷವೆಲ್ಲ ದುಡಿದ ಕುಡುಗೋಲು ಒಂದು ದಿನ ಮಣೆ ಮೇಲೆ ಕೂತು ಹೂ ಮುಡಿದುಕೊಳ್ಳುವುದನ್ನು ನೋಡಲು ನನಗೆ ಆಗಲೂ ಇಷ್ಟ, ಈಗಲೂ ಇಷ್ಟ.

"ನಮ್ ಕ್ರೇನಿಗೆ ಯಾರು ಪೂಜೆ ಮಾಡ್ತಾರೆ?" ಎಂದು ಕೇಳಿದವನು ಮಂಜ. ಅವನ ಬಾಯಿಂದ ಬಂದ ಒಂದೇ ಒಂದು ಒಳ್ಳೆಯ ಮಾತು ಅದು.

ಬೆಳಗ್ಗೆ ಅಪ್ಪ ಬೂದುಗುಂಬಳದ ರಾಶಿಯ ಮುಂದೆ ನಿಂತಿದ್ದರು. ನಾನು ಹೋಗಿ, "ಅಪ್ಪಾ, ನಂಗೊಂದು ಕುಂಬ್ಳಕಾಯಿ ಬೇಕು" ಅಂದೆ. ಅಪ್ಪ ನನ್ನ ಲಂಗದ ಅಂಚಿನ ಕಪ್ಪು ಎಣ್ಣೆ ಕಲೆಯನ್ನು ನೋಡಿದರು. ಅಮ್ಮ ಅದನ್ನು ಸೀಗೆಕಾಯಿ, ಸೋಪು, ಸೀಮೆಎಣ್ಣೆ ಎಲ್ಲ ಹಾಕಿ ತಿಕ್ಕಿ ಸೋತಿದ್ದಳು. ಯಾಕೆ, ಯಾರಿಗೆ ಅಂತ ಅಪ್ಪ ಕೇಳಲಿಲ್ಲ. ಒಂದು ಚಿಕ್ಕ ಕುಂಬಳಕಾಯಿ ಆರಿಸಿ ಕೈಗಿಟ್ಟು, "ಅಂಚಲ್ಲಿ ನಿಂತ್ಕೋಬೇಡಿ" ಎಂದಷ್ಟೇ ಹೇಳಿ ಒಳಗೆ ಹೋದರು. ಅಷ್ಟು ದಿನ ನಾವು ಗುಟ್ಟು ಅಂದುಕೊಂಡಿದ್ದು ಅಪ್ಪನ ಮಟ್ಟಿಗೆ ಗುಟ್ಟೇ ಆಗಿರಲಿಲ್ಲ.

ಭರ್ಜರಿ ಪೂಜೆ ಮಾಡಿದೆವು. ಗುಂಡಿಯಿಂದ ನೀರು ಸೇದಿ ಕ್ರೇನು ತೊಳೆದೆವು. ಹಲ್ಲುಚಕ್ರಕ್ಕೆ ಕುಂಕುಮ, ಹ್ಯಾಂಡಲ್ಲುಗಳಿಗೆ ಸೇವಂತಿಗೆ, ಕೊಕ್ಕೆಗೆ ಚೆಂಡುಹೂವಿನ ಹಾರ. ತೋಟದಿಂದ ಎರಡು ಬಾಳೆಕಂದು ತಂದು ಕಂಬದ ಎರಡು ಪಕ್ಕ ಕಟ್ಟಿದೆವು. ಮಂತ್ರ ಯಾರಿಗೂ ಬರುತ್ತಿರಲಿಲ್ಲ. ನಾನು ಶಾಲೆಯ ಪ್ರಾರ್ಥನೆ ಹೇಳಿದೆ, ಶಬ್ಬೀರ ಕಣ್ಣು ಮುಚ್ಚಿ ಅವನ ಮನೆಯ ಪ್ರಾರ್ಥನೆಯನ್ನು ಸಣ್ಣಗೆ ಹೇಳಿಕೊಂಡ, ಮಂಜ ಗಂಟೆಯ ಬದಲು ಡ್ರಿಲ್ ಕಂಬಿಗೆ ಕಲ್ಲಲ್ಲಿ ಬಡಿದ. ಕುಂಬಳಕಾಯಿ ಒಡೆದು, ಕಡ್ಲೆಪುರಿ ತಿಂದು, ಕ್ರೇನಿಗೆ ಕೈಮುಗಿದು ಮನೆಗೆ ಓಡಿದೆವು. ಒಬ್ಬಟ್ಟು ಕಾಯುತ್ತಿತ್ತು.

ಬಾಳೆಕಂದು ಅಂದರೆ ಹಸುಗಳಿಗೆ ಪ್ರಾಣ ಅನ್ನುವುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ನಮ್ಮ ಪಕ್ಕದ ಮನೆ ಮುನೆಂಕಟಮ್ಮನದು. ಹೆಸರು ಮುನಿವೆಂಕಟಮ್ಮ, ಕರೆಯುವಾಗ ಅಷ್ಟು ಉದ್ದ ಯಾರಿಗೆ ಬೇಕು. ನಮಗೆ ಅತ್ತೆ. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇದ್ದದ್ದು ಗೌರಿ ಎಂಬ ಒಂದು ಸೀಮೆ ಹಸು. ಬೆಳಗ್ಗೆ ಸಂಜೆ ಕ್ಯಾನ್ ಹಿಡಿದು ಡೈರಿಗೆ ಹಾಲು ಹಾಕುತ್ತಿದ್ದಳು, ಅದರಲ್ಲೇ ಅವಳ ಸಂಸಾರ. ಹಿಂದೂಪುರದ ಕಡೆಯಿಂದ ಬಂದವಳು, ಗೌರಿಯ ಜತೆ ಮಾತಾಡುವಾಗ ಮಾತ್ರ ಪೂರ್ತಿ ತೆಲುಗು. ಗೌರಿ ಅವಳಿಗೆ ಬಿಡ್ಡ, ಅಂದರೆ ಮಗು. ಆಗ ಗೌರಿ ತುಂಬು ಗಬ್ಬ, ಹಾಲು ಬತ್ತಿತ್ತು. ಕರು ಹಾಕುವವರೆಗೂ ಅತ್ತೆ ನಮ್ಮ ಮನೆಯಿಂದ ಹಾಲು ತರುತ್ತಿದ್ದಳು, ತರುವಾಗೆಲ್ಲ "ನಮ್ ಗೌರಿ ಈದ್ರೆ ನಿಮ್ಗೇ ಕೊಡ್ತೀನಿ ನೋಡ್ರಿ, ಒಲೆ ಮೇಲಿಟ್ರೆ ಕೆನೆ ಬೆರಳುದ್ದ" ಎಂದು ಜಂಬ ಕೊಚ್ಚುತ್ತಿದ್ದಳು.

ಮಧ್ಯಾಹ್ನ ಒಬ್ಬಟ್ಟು ತಿಂದು ಊರೆಲ್ಲ ತೂಕಡಿಸುವಾಗ ಅತ್ತೆಯ ಕೂಗು ಕೇಳಿತು.

"ಓ ನಾರಾಯಣಪ್ಪಾ! ನಾ ಬಿಡ್ಡ ಗುಂಡಿಗೆ ಬಿತ್ತಪ್ಪೋ!"

ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಓಡಿದರು, ಹಿಂದೆ ನಾನು, ಹಿಂದೆ ಅರ್ಧ ಊರು. ಹೋಗಿ ನೋಡಿದರೆ ನಮ್ಮ ಒಂದು ಬಾಳೆಕಂದು ಬುಡ ಮಾತ್ರ ಉಳಿದಿತ್ತು. ಇನ್ನೊಂದಕ್ಕೆ ಬಾಯಿ ಹಾಕುವಾಗ ಅಂಚಿನ ಕಲ್ಲುಚೂರಿನ ರಾಶಿ ಜಾರಿದೆ. ಗೌರಿ ಆ ಚೂರಿನ ಜತೆಯಲ್ಲೇ ಜಾರಿಕೊಂಡು ಕೆಳಗೆ ಹೋಗಿ, ನೀರೊಳಗಿನ ಬಂಡೆಯೊಂದರ ಮೇಲೆ ನಿಂತಿತ್ತು. ಹೊಟ್ಟೆವರೆಗೂ ನೀರು. ಕಾಲಿಗೇನೂ ಆಗಿರಲಿಲ್ಲ. ಮೇಲಕ್ಕೆ ಹತ್ತಲು ನೋಡುವುದು, ಕಲ್ಲುಚೂರು ಕುಸಿಯುವುದು, ಮತ್ತೆ ಜಾರುವುದು. ಒಂದು ಹೆಜ್ಜೆ ಆಚೆ ಇಟ್ಟರೆ ಆಳ. ಮೇಲೆ ನೋಡಿ ಒಂದೇ ಸಮನೆ ಕೂಗುತ್ತಿತ್ತು. ಅದರ ಕೊಂಬಿಗೆ ನಮ್ಮ ಚೆಂಡುಹೂವಿನ ಒಂದು ಎಳೆ ಸಿಕ್ಕಿಕೊಂಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಗಂಡಸರು ಒಂದಿಬ್ಬರು ಹಗ್ಗ ಹಿಡಿದು ಇಳಿದು ಅದರ ತಲೆ ಹಿಡಿದುಕೊಂಡರು. ಹಗ್ಗ ಕಟ್ಟಿ ಎಳೆಯೋಣ ಅಂದರೆ ಗಬ್ಬದ ಹಸು, ಬಂಡೆಗೆ ಹೊಟ್ಟೆ ತಾಗಿದರೆ ಮುಗಿಯಿತು. ಗೌರಿಬಿದನೂರಿಂದ ಜೆಸಿಬಿ ತರಿಸೋಣ ಅಂತ ಒಬ್ಬರು ಫೋನಿಗೆ ಓಡಿ, ಬರಿಗೈಯಲ್ಲಿ ವಾಪಸ್ಸು ಬಂದರು. ಆಯುಧಪೂಜೆ ದಿನ ಯಾವ ಡ್ರೈವರ್ ಸಿಗುತ್ತಾನೆ? ಎಲ್ಲ ಗಾಡಿಯೂ ಹೂ ಮುಡಿದು ನಿಂತಿದ್ದವು. ನಾಳೆ ಬೆಳಗ್ಗೆ ಬರ್ತಾರಂತೆ ಅಂದರು.

ಅತ್ತೆ ಅಂಚಿನಲ್ಲಿ ಕುಸಿದು ಕೂತಳು. "ನಾಳೆವರ್ಗೂ ನಿಂತಿರ್ತದಾ ಅದು? ಕಾಲು ಸೋತು ಬೀಳ್ತದಪ್ಪಾ."

ನಾನು ಅಪ್ಪನ ಪಂಚೆ ಹಿಡಿದು ಎಳೆದೆ. "ಅಪ್ಪಾ, ಕ್ರೇನ್ ತಿರುಗುತ್ತೆ."

"ಏನು?"

"ತಿರುಗುತ್ತೆ. ನಾವು ಕಲ್ಲೆತ್ತಿದೀವಿ. ಅಗೋ, ಆ ಕಲ್ಲು."

ಅಪ್ಪ ಕಲ್ಲು ನೋಡಿದರು. ಇಬ್ಬರು ಗಂಡಸರು ಸೇರಿ ಹೊರಳಿಸಬೇಕಾದ ಕಲ್ಲು. ಆಮೇಲೆ ನನ್ನನ್ನು ನೋಡಿದರು. ಬೈಗಳು ಗಂಟಲವರೆಗೂ ಬಂದದ್ದು ಕಾಣಿಸಿತು, ನುಂಗಿಕೊಂಡರು. ಉರುಳೆಯ ಹತ್ತಿರ ಹೋಗಿ ಹಗ್ಗ ಮುಟ್ಟಿದರು. ಹೊರಗಿನ ಸುತ್ತು ತುಕ್ಕಾಗಿತ್ತು. ಅದನ್ನೆಲ್ಲ ಬಿಚ್ಚಿ ನೋಡಿದರೆ ಒಳಸುತ್ತು ಹಳೇ ಗ್ರೀಸಿನೊಳಗೆ ಹಾವಿನ ಮೈಯಂತೆ ಮಿರಮಿರ ಮಿನುಗುತ್ತಿತ್ತು. ಕೆಟ್ಟ ಭಾಗ ಕತ್ತರಿಸಿ ಕೊಕ್ಕೆಯನ್ನು ಗಟ್ಟಿ ಹಗ್ಗಕ್ಕೆ ಕಟ್ಟಬಹುದಿತ್ತು. ಕ್ವಾರಿ ನಡೆಯುವಾಗ ಅಪ್ಪ ಬೇಸಿಗೆಯಲ್ಲಿ ಕೂಲಿಗೆ ಹೋಗುತ್ತಿದ್ದರು, ಹಗ್ಗಕ್ಕೆ ಕ್ಲಾಂಪು ಹಾಕುವುದು ಅವರಿಗೆ ಗೊತ್ತಿತ್ತು.

ಆಗ ಹಿಂದಿನಿಂದ ಯಾರೋ ಅಂದರು, "ನಾರಾಯಣಪ್ಪ, ಕುಂಕುಮ ಬಿದ್ದೈತೆ ಅದಕ್ಕೆ. ಪೂಜೆಗೆ ಕೂತಿರೋ ಆಯುಧ. ಇವತ್ತು ಮುಟ್ಟಿದ್ರೆ ಏನಾದ್ರೂ ಆದೀತು."

ಅಪ್ಪನ ಕೈ ನಿಂತಿತು. ನಗಬೇಡಿ. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಅಪ್ಪ ಅವತ್ತು ಈರುಳ್ಳಿ ಹೆಚ್ಚಲು ಈಳಿಗೆಮಣೆಯನ್ನೂ ಮುಟ್ಟಗೊಡುತ್ತಿರಲಿಲ್ಲ. ಹಗ್ಗ ಕಿತ್ತು ಹಸು ಬಿದ್ದರೆ ಊರು ಏನನ್ನುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಆಟಕ್ಕೆ ಮಾಡಿದ ಪೂಜೆ ಅಪ್ಪಾ ಅದು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ, ಯಾಕೆಂದರೆ ನಾವು ಆಟಕ್ಕೆ ಮಾಡಿರಲಿಲ್ಲ.

ಅತ್ತೆ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ಬಂದು ಒಂದು ಹ್ಯಾಂಡಲ್ಲಿನ ಸೇವಂತಿಗೆಯನ್ನು ಬಿಚ್ಚಿ ಕಣ್ಣಿಗೊತ್ತಿಕೊಂಡು ಮುಡಿಗೆ ಸಿಕ್ಕಿಸಿಕೊಂಡಳು.

"ಪೂಜೆ ಮಾಡಿಸ್ಕೊಂಡೈತಲ್ಲ? ಮಾಡಿಸ್ಕೊಂಡ ಮೇಲೆ ಕೆಲಸ ಮಾಡ್ಲೇಬೇಕು ಅದು. ಹಿಡ್ಕೋ ನಾರಾಯಣಪ್ಪ, ಆ ಕಡೆ."

ಅಪ್ಪ ಮತ್ತೆ ಹಗ್ಗಕ್ಕೆ ಕೈ ಹಾಕಿದರು.

ಗೋಣಿಚೀಲಗಳನ್ನು ಮಡಿಸಿ, ಟ್ರ್ಯಾಕ್ಟರಿನ ಟಾರ್ಪಾಲು ಹಾಸಿ, ಗೌರಿಯ ಎದೆಯ ಕೆಳಗೆ, ತೊಡೆಯ ಮುಂದೆ ತೊಟ್ಟಿಲಿನ ಹಾಗೆ ಕಟ್ಟಿದರು, ಹೊಟ್ಟೆಗೆ ಭಾರ ಬೀಳದಂತೆ. ಅದಾಗುವುದರೊಳಗೆ ಅಪ್ಪ ಹಗ್ಗ ಸರಿಮಾಡಿದರು. ಮೊದಲು ನಮ್ಮ ಕಲ್ಲನ್ನೇ ಎತ್ತಿ ಇಳಿಸಿ ನೋಡಿದೆವು, ಆಮೇಲೆ ಅದಕ್ಕಿಂತ ದೊಡ್ಡದೊಂದನ್ನು. ಹಗ್ಗ ತಡೆಯಿತು. ಈಗ ಊರಿನ ಹೈಕಳು ಮೀಸೆ ತಿರುವಿಕೊಂಡು ಹ್ಯಾಂಡಲ್ ಹಿಡಿಯಲು ಬಂದರು. ಶಬ್ಬೀರ ಅಡ್ಡ ನಿಂತ.

"ಬೇಡಣ್ಣ, ನಿಮಗೆ ಅದರ ಗುಣ ಗೊತ್ತಿಲ್ಲ. ಹಲ್ಲು ಉದುರುತ್ತೆ" ಎಂದು ತನ್ನ ಅರ್ಧ ಹಲ್ಲು ತೋರಿಸಿದ. ಅವನ ಅಪ್ಪ ಅಲ್ಲೇ ನಿಂತಿದ್ದರು. ಸೈಕಲ್ಲಿಂದ ಬಿದ್ದ ಕಥೆ ಅವತ್ತಿಗೆ ಮುಗಿಯಿತು.

ಕೊನೆಗೆ ಒಂದು ಹ್ಯಾಂಡಲ್ಲಿಗೆ ಅಪ್ಪ ಮತ್ತು ನಾನು, ಎದುರಿನದಕ್ಕೆ ಅತ್ತೆ ಮತ್ತು ಶಬ್ಬೀರ. ಕೋಲು ಹಿಡಿದು ನಾಲಿಗೆಯ ಪಕ್ಕ ಮಂಜ. ಶಬ್ಬೀರ "ಹಾಕು" ಅಂದರೆ ತಿರುಗಿಸಬೇಕು, ಮಂಜ "ಬಿತ್ತು" ಅಂದಮೇಲೆಯೇ ಉಸಿರು ಬಿಡಬೇಕು. ಇದು ನಮ್ಮ ಆಟದ ಕಟ್ಟಳೆ. ಅವತ್ತು ಅಪ್ಪನೂ ಅದನ್ನು ಪಾಲಿಸಿದರು.

"ಹಾಕು!"

ಟಕ್.

"ಬಿತ್ತು!"

ಹಗ್ಗ ಬಿಗಿಯಾಯಿತು. ತೊಲೆ ಒಂದು ಸಲ ನರಳಿತು. ಗೌರಿಯ ಬೆನ್ನು ನೀರಿನಿಂದ ಮೇಲೆ ಬಂತು, ಆಮೇಲೆ ಹೊಟ್ಟೆ, ಆಮೇಲೆ ಕಾಲು. ನೆಲ ಬಿಟ್ಟ ಕೂಡಲೇ ಅದು ಕೂಗುವುದನ್ನು ನಿಲ್ಲಿಸಿತು. ನಾಲ್ಕು ಕಾಲೂ ಜೋಲು ಬಿಟ್ಟು, ಕಿವಿ ಹಿಂದಕ್ಕೆ ಮಾಡಿ, ಸುಮ್ಮನೆ ತೂಗಿತು. ಕೆಳಗಿದ್ದವರು ಬಾಲಕ್ಕೂ ಕೊಂಬಿಗೂ ಹಗ್ಗ ಹಾಕಿ ಗೋಡೆಗೆ ತಾಗದಂತೆ ಹಿಡಿದರು. ನನ್ನ ಅಂಗೈ ಸುಲಿಯುತ್ತಿತ್ತು. ಪಕ್ಕದಲ್ಲಿ ಅಪ್ಪನ ಬೆವರು, ಎದುರಿಗೆ ಅತ್ತೆಯ ಮುಖ. ಅವಳು ತಿರುಗಿಸುತ್ತಾ ತಿರುಗಿಸುತ್ತಾ "ರಾ ತಲ್ಲೀ, ರಾ, ರಾ" ಎಂದು ಕರೆಯುತ್ತಿದ್ದಳು. ಕೊಟ್ಟಿಗೆಗೆ ಕರೆಯುವಾಗಿನ ಅದೇ ದನಿ.

ಅರ್ಧ ದಾರಿಯಲ್ಲಿ "ಬಿತ್ತು" ಬರಲಿಲ್ಲ. ಹಲ್ಲಿನ ಸಂದಿಗೆ ಸೇವಂತಿಗೆಯ ದಂಟು ಸಿಕ್ಕಿ ನಾಲಿಗೆ ಮೇಲೇ ನಿಂತಿತ್ತು. ಗೌರಿಯ ಭಾರವೆಲ್ಲ ನಮ್ಮ ಕೈಮೇಲೆ. ಹ್ಯಾಂಡಲ್ ಹಿಂದಕ್ಕೆ ಒತ್ತುತ್ತಿತ್ತು.

"ಬಿಡಬೇಡಿ!" ಎಂದು ನಾನೂ ಶಬ್ಬೀರನೂ ಒಟ್ಟಿಗೆ ಕಿರುಚಿದೆವು. ಅಪ್ಪ ಹ್ಯಾಂಡಲ್ಲಿನ ಮೇಲೆ ಎದೆಗೊಟ್ಟು ಒರಗಿದರು. ಅತ್ತೆ ಹಲ್ಲು ಕಚ್ಚಿದಳು. ಮಂಜ ಅಳುತ್ತಿದ್ದ, ಅಳುತ್ತಲೇ ಕೋಲಿನ ಮೊನೆಯಲ್ಲಿ ಆ ದಂಟನ್ನು ಕೆರೆದು ತೆಗೆದು ನಾಲಿಗೆಯನ್ನು ಗುದ್ದಿದ.

"ಬಿತ್ತು! ಬಿತ್ತು ಕಣ್ರೋ!"

ಮಂಜನನ್ನು ನಾನು ಆಮೇಲೆ ಎಷ್ಟೋ ಸಲ ಬೈದಿದ್ದೇನೆ, ಹೊಡೆದೂ ಇದ್ದೇನೆ. ಆದರೆ ಯಾವತ್ತೂ ಅವನನ್ನು ಕೈಲಾಗದವನು ಅಂದಿಲ್ಲ.

ಅಂಚಿಗಿಂತ ಮೇಲೆ ಬಂದಮೇಲೆ ತೊಲೆಯನ್ನು ಹಗ್ಗ ಹಾಕಿ ಎಳೆದರು. ಅದು ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಾ ನೆಲದ ಕಡೆ ತಿರುಗಿತು. ಮಂಜ ನಾಲಿಗೆ ಎತ್ತಿ ಹಿಡಿದ, ನಾವು ಒಂದೊಂದೇ ಹಲ್ಲು ಸಡಿಲ ಬಿಟ್ಟು ಇಳಿಸಿದೆವು. ಗೌರಿಯ ಗೊರಸು ಮಣ್ಣಿಗೆ ತಾಗಿತು. ಒಂದು ಗಳಿಗೆ ನಡುಗಿತು, ಮೈ ಕೊಡವಿತು, ನಾವು ನೋಡುತ್ತಿದ್ದಂತೆ ನೇರ ಹೋಗಿ ಉಳಿದಿದ್ದ ಬಾಳೆಕಂದಿಗೆ ಬಾಯಿ ಹಾಕಿತು.

ಊರಿಗೆ ಊರೇ ನಕ್ಕಿತು. ಅತ್ತೆ ಮಾತ್ರ ಅತ್ತಳು. ಅತ್ತು, ಗೌರಿಯ ಬೆನ್ನಿಗೆ ಎರಡು ಏಟು ಕೊಟ್ಟು, ಅದರ ಕುತ್ತಿಗೆ ತಬ್ಬಿಕೊಂಡು, ಆಮೇಲೆ ನಮ್ಮ ಮೂವರನ್ನೂ ಒಟ್ಟಿಗೆ ಬಾಚಿ ತಬ್ಬಿಕೊಂಡಳು. ಸಗಣಿ, ಬೆವರು, ಸೇವಂತಿಗೆ.

ಅಪ್ಪ ಅಂಗೈಯ ಗ್ರೀಸನ್ನು ಹುಲ್ಲಿಗೆ ಒರೆಸುತ್ತಾ ಕ್ರೇನಿನ ಸುತ್ತ ಒಂದು ಸುತ್ತು ಬಂದರು. ನನಗೆ ಈಗ ಬೈಗಳ ಸರದಿ ಅನ್ನಿಸಿತು. "ಯಾವ ಎಣ್ಣೆ ಹಾಕಿದ್ದು?" ಎಂದರು.

"ಅಜ್ಜಿ ಹರಳೆಣ್ಣೆ."

"ಅದಕ್ಕೇ ಮುದುಕಿ ಮಂಡಿ ನೋವು ಅಂತಾಳೆ" ಎಂದು ಬೇರೆ ಕಡೆ ತಿರುಗಿದರು. ನಗುವುದು ನನಗೆ ಕಾಣಿಸಬಾರದು ಅಂತ. ಆ ಸಂಜೆ ಬಸ್ ಸ್ಟಾಪಿನಲ್ಲಿ ನಾಲ್ಕು ಜನರ ಮುಂದೆ, "ನಮ್ ಹುಡುಗಿ ತಿರುಗಿಸಿದ್ದು" ಎಂದು ಅಪ್ಪ ಹೇಳಿದ್ದನ್ನು ಶಬ್ಬೀರ ಬಂದು ವರದಿ ಮಾಡಿದ. ಆ ಮಾತಿನ ಮೇಲೆ ನಾನು ಇವತ್ತಿನವರೆಗೂ ಬದುಕಿದ್ದೇನೆ ಅಂದರೆ ಹೆಚ್ಚಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಮೆಕ್ಯಾನಿಕಲ್ ಡಿಪ್ಲೊಮಾ ಸೇರ್ತೀನಿ ಅಂದಾಗ ನೆಂಟರೆಲ್ಲ ಮೂಗು ಮುರಿದರು. ಅಪ್ಪ ಮುರಿಯಲಿಲ್ಲ.

ಗೌರಿ ದೀಪಾವಳಿ ಹೊತ್ತಿಗೆ ಹೆಣ್ಣುಗರು ಹಾಕಿತು. ಹೆಸರಿಡುವ ಹಕ್ಕು ನಮ್ಮದು ಎಂದಳು ಅತ್ತೆ. ಜಗಳವಾಡಿ ಜಗಳವಾಡಿ ಪೂಜಾ ಎಂದಿಟ್ಟೆವು. ನಮ್ಮ ಕ್ಲಾಸಿನ ಪೂಜಾ ವರ್ಷವಿಡೀ ನನ್ನ ಜತೆ ಮಾತು ಬಿಟ್ಟಳು.

ಈಗ ನಾನು ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಮೆಷಿನ್ ಸದ್ದು ಬದಲಾದರೆ ಹುಡುಗರು ನನ್ನನ್ನೇ ಕೂಗುತ್ತಾರೆ. ಪ್ರತಿ ಮೆಷಿನ್ನಿಗೂ ಬೀಗ, ಬೋರ್ಡು, ಹೆಲ್ಮೆಟ್ಟು. ಇರಲೇಬೇಕು, ನಾನೇ ಹಾಕಿಸುತ್ತೇನೆ. ಶಬ್ಬೀರನ ಗ್ಯಾರೇಜು ಚಿಂತಾಮಣಿಯಲ್ಲಿದೆ, ಮಂಜನ ಸ್ವಂತ ಜೆಸಿಬಿ ಶಿಡ್ಲಘಟ್ಟದ ಕಡೆ ಓಡಾಡುತ್ತದೆ. ಮದುವೆ ಮುಂಜಿಯಲ್ಲಿ ಸಿಗುತ್ತೇವೆ, ಫೋನಿನಲ್ಲಿ ಹಬ್ಬದ ಫೋಟೋ ಕಳಿಸಿಕೊಳ್ಳುತ್ತೇವೆ. ಕ್ವಾರಿ ಸುತ್ತ ತಂತಿ ಬೇಲಿ ಬಂದಿದೆ. ಒಳ್ಳೆಯದೇ ಆಯಿತು, ನನ್ನ ಮಗಳನ್ನು ನಾನೂ ಅಲ್ಲಿಗೆ ಬಿಡುವುದಿಲ್ಲ. ಬಿಡುವುದಿಲ್ಲ ಅನ್ನುವಾಗ ನನ್ನದೇ ದನಿ ನನಗೆ ಅಷ್ಟು ಹಿಡಿಸುವುದಿಲ್ಲ, ಅಷ್ಟೇ. ಸೀತಾಫಲದ ಗಿಡಗಳು ಬೇಲಿಯೊಳಗೇ ಉಳಿದವು, ಹಣ್ಣು ಉದುರಿ ಇರುವೆ ತಿನ್ನುತ್ತದೆ. ನಾವು ಗೌರಿಬಿದನೂರಿನ ತಳ್ಳುಗಾಡಿಯಲ್ಲಿ ತೂಕ ಹಾಕಿಸಿ ತರುತ್ತೇವೆ. ಅವಕ್ಕೆ ಗ್ರೀಸಿನ ವಾಸನೆ ಇಲ್ಲ.

ಕ್ರೇನನ್ನು ಗುಜರಿಯವರು ಗ್ಯಾಸಿನಲ್ಲಿ ಕೊಯ್ದು ಲಾರಿಗೆ ಹೇರಿದ ದಿನ ನಾನು ಊರಲ್ಲಿರಲಿಲ್ಲ. ನಾವ್ಯಾರೂ ಇರಲಿಲ್ಲ. ಹೋದ ವರ್ಷ ಆಯುಧಪೂಜೆಗೆ ಮಗಳನ್ನು ಊರಿಗೆ ಕರೆದುಕೊಂಡು ಹೋದಾಗ ಅವಳಿಗೆ ಈ ಕಥೆಯೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, "ಅಮ್ಮಾ, ಸುಮ್ನೆ ಬಿಡ್ತಿದೀಯ. ಹಸುನ ಯಾರಾದ್ರೂ ಕೈಯಲ್ಲಿ ಎತ್ತುತ್ತಾರಾ?" ಎಂದಳು. ತೋರಿಸೋಣವೆಂದರೆ ಒಂದು ಬೋಲ್ಟೂ ಉಳಿದಿಲ್ಲ. ನನಗೆ ನಿಜವಾಗಿ ಸಂಕಟವಾಯಿತು.

ಅತ್ತೆ ಕೊಟ್ಟಿಗೆಯಿಂದಲೇ ಕೂಗಿದಳು. ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. "ಯಾರೇ ಅದು ಸುಳ್ಳು ಅನ್ನೋದು? ಇಲ್ ಬಾ ಇಲ್ಲಿ."

ಕೊಟ್ಟಿಗೆಯಲ್ಲಿ ಪೂಜಾಳ ಮೊಮ್ಮಗಳು ಮೇವು ತಿನ್ನುತ್ತಿತ್ತು. ಅದನ್ನು ಕಟ್ಟಿದ್ದ ಗೂಟಕ್ಕೆ ವಿಭೂತಿ, ಕುಂಕುಮ, ಸೇವಂತಿಗೆ. ಮರದ ಗೂಟವಲ್ಲ. ಬಗ್ಗಿ ನೋಡಿದೆ. ಬುಡವನ್ನು ಸಿಮೆಂಟಿನಲ್ಲಿ ಹೂತಿದ್ದರು, ಮೇಲೆ ಉಳಿದದ್ದು ಕ್ರೇನಿನ ಹ್ಯಾಂಡಲ್ಲಿನ ಹಿಡಿ. ನಮ್ಮ ಕೈ ತಾಗಿ ತಾಗಿ ನುಣುಪಾದ ಹಿಡಿ.

"ಗುಜ್ರಿಯೋನ ಹತ್ರ ಜಗಳ ಆಡಿ ಕಿತ್ಕೊಂಡೆ" ಎಂದಳು ಅತ್ತೆ. "ಇನ್ನೊಂದು ಲಾರಿ ಒಳಗೆ ಹೋಗ್ಬಿಟ್ಟಿತ್ತಮ್ಮಾ, ಸಿಗ್ಲಿಲ್ಲ. ಅಟ್ಟದ ಮೇಲೆ ಮಡಗು ಅಂದ್ರು ಎಲ್ರೂ. ಯಾಕೆ ಮಡಗ್ಬೇಕು? ಪೂಜೆ ಮಾಡಿಸ್ಕೊಂಡೈತೆ, ಕೆಲಸ ಮಾಡ್ಲಿ."

ಮಗಳು ಕೂತು ಅದನ್ನು ಎರಡೂ ಕೈಯಲ್ಲಿ ಹಿಡಿದಳು. ನಾನೂ ಅವಳ ಕೈಮೇಲೆ ಕೈಯಿಟ್ಟೆ. ಕೈ ತಾನಾಗಿ ತಿರುಗಿಸಲು ನೋಡಿತು. ಹಿಡಿ ಅಲುಗಲಿಲ್ಲ, ಅಲುಗಬಾರದು ಅಂತಲೇ ಹೂತಿದ್ದರು.

"ಎದುರುಗಡೆ ಯಾರು ಹಿಡ್ಕೊಂಡಿದ್ರು?" ಎಂದು ಮಗಳು ಕೇಳಿದಳು.

ನಾನು ತಲೆ ಎತ್ತಿದೆ. ಎದುರಿಗೆ ಅತ್ತೆ ನಿಂತಿದ್ದಳು, ಅವಳ ಪಕ್ಕ ಹಸು ಮೆಲುಕು ಹಾಕುತ್ತಾ ನಮ್ಮನ್ನೇ ನೋಡುತ್ತಿತ್ತು.